ಮೊದಲು ಹತ್ತು ಪದ್ಯ ತಾಳೆ ನೋಡು

ತಂಗೀ,

ನೀನು ಕಳಿಸಿದ 12 ಪುಟಗಳನ್ನು ಎರಡು ಸಲ ಓದಿದೆ. ಹಳಗನ್ನಡ ಗ್ರಂಥಗಳನ್ನು ಸಂಪಾದಿಸಿದ ವಿದ್ವಾಂಸ ಡಿ.ಎಲ್. ನರಸಿಂಹಾಚಾರ್ ಅವರ ಬಗ್ಗೆ ಇವತ್ತು ಬರೆಯಹೊರಟಿದ್ದೀಯಲ್ಲ, ಆ ಆಯ್ಕೆಗೇ ಒಂದು ಶಹಬ್ಬಾಸ್. ಮುಂದಿನದೆಲ್ಲ ತಕರಾರು. ಬೇಸರ ಮಾಡಿಕೊಳ್ಳಬೇಡ.

1906ರಲ್ಲಿ ಹುಟ್ಟಿದ್ದು, ಮಹಾರಾಜಾ ಕಾಲೇಜು, 1929ರಲ್ಲಿ ಎಂ.ಎ., ಮೈಸೂರಿನ ಓರಿಯಂಟಲ್ ಲೈಬ್ರರಿ, ಆಮೇಲೆ ಅಧ್ಯಾಪಕ ವೃತ್ತಿ, 1960ರಲ್ಲಿ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1971ರಲ್ಲಿ ನಿಧನ. ಎಲ್ಲವೂ ಇದೆ, ಸರಿಯಾಗಿಯೂ ಇದೆ. ‘ಅಗಾಧ ಪಾಂಡಿತ್ಯ’ 4 ಸಲ ಬಂದಿದೆ, ‘ತಪಸ್ಸು’ 6 ಸಲ. ಆದರೆ ಆ ಮನುಷ್ಯ ಬೆಳಗ್ಗೆ ಮೇಜಿನ ಮುಂದೆ ಕೂತಾಗ ಎದುರಿಗೆ ಏನಿರುತ್ತಿತ್ತು, ಸಂಜೆ ಏಳುವ ಹೊತ್ತಿಗೆ ಅದರಲ್ಲಿ ಏನು ಬದಲಾಗಿರುತ್ತಿತ್ತು ಎಂದು ಹೇಳುವ ಒಂದು ಸಾಲೂ ಇಲ್ಲ. ಬಡಗಿಯ ಜೀವನಚರಿತ್ರೆ ಬರೆದು ಉಳಿಯ ಸುದ್ದಿಯನ್ನೇ ಎತ್ತದೆ ಬಿಟ್ಟ ಹಾಗಾಗಿದೆ.

ಹಳಗನ್ನಡ ವಿದ್ವಾಂಸರ ಬಗ್ಗೆ ಬರೆಯುವಾಗ ಎಲ್ಲರಿಗೂ ಬರುವ ಕಷ್ಟ ಇದು. ಜೈಲಿಲ್ಲ, ಗಡೀಪಾರಿಲ್ಲ, ಓಡಿಹೋದ ಪ್ರೇಮವಿಲ್ಲ. ಹೊರಗಿನ ಘಟನೆಗಳನ್ನು ಬರೆಯಹೋದರೆ ಎರಡು ಪುಟಕ್ಕೆ ಮುಗಿಯುತ್ತದೆ, ಉಳಿದ ಜಾಗಕ್ಕೆ ವಿಶೇಷಣ ತುಂಬಬೇಕಾಗುತ್ತದೆ. ಅವರ ಬದುಕಿನ ಘಟನೆಗಳು ನಡೆದದ್ದು ಪುಟದ ತಳದಲ್ಲಿ, ಸಣ್ಣ ಅಕ್ಷರದ ಪಾಠಾಂತರಗಳಲ್ಲಿ, ಅಂದರೆ ಒಂದೇ ಜಾಗದಲ್ಲಿ ಬೇರೆ ಬೇರೆ ಪ್ರತಿಗಳು ಕೊಡುವ ಬೇರೆ ಬೇರೆ ಪದಗಳಲ್ಲಿ. ಅದನ್ನು ಓದಲು ಬರಬೇಕಾದರೆ ಆ ಕೆಲಸವನ್ನು ಸ್ವಲ್ಪವಾದರೂ ನೀನೇ ಮಾಡಿರಬೇಕು. ನನ್ನ ಸಲಹೆಯೆಲ್ಲ ಅಷ್ಟೇ. ಹೇಗೆ ಮಾಡುವುದು ಎನ್ನುವುದಕ್ಕೇ ಈ ಉದ್ದದ ಕಾಗದ.

ಮೊದಲಿಗೆ ಒಂದು ತಪ್ಪು ತೆಗೆದುಬಿಡು. 6ನೇ ಪುಟದಲ್ಲಿ ‘ಕರ್ಣಾಟಕ ಕವಿಚರಿತೆ’ಯನ್ನು ಇವರ ಲೆಕ್ಕಕ್ಕೆ ಹಾಕಿದ್ದೀಯ. ಅದು ಆರ್. ನರಸಿಂಹಾಚಾರ್ (1860–1936) ಅವರದು. 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಬಂತು. ಅವರು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದವರು. ಅವರಿಗಿಂತ ಹಿಂದೆ ಶಾಸನಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರ ಕಾಲದಲ್ಲಿ 144 ಶಾಸನಗಳಿದ್ದ ಶ್ರವಣಬೆಳಗೊಳದ ಸಂಪುಟವನ್ನು 1923ರಲ್ಲಿ 500 ಶಾಸನಗಳಿಗೆ ಬೆಳೆಸಿದರು. ಡಿ.ಎಲ್.ಎನ್. ಒಂದು ತಲೆಮಾರು ಚಿಕ್ಕವರು, ಕೆಲಸವೂ ಬೇರೆ. ಹೆಸರು ಒಂದೇ ಆದದ್ದರಿಂದ ಗ್ರಂಥಾಲಯದ ಸೂಚಿಗಳಲ್ಲೂ ಇಬ್ಬರ ಕಾರ್ಡುಗಳು ಬೆರೆಯುವುದುಂಟು. ಹಳೆಯ ವಿದ್ವಾಂಸರ ಬಗ್ಗೆ ಟಿಪ್ಪಣಿ ಮಾಡುವಾಗ ಹೆಸರಿನ ಪಕ್ಕ ಹುಟ್ಟಿದ, ಸತ್ತ ವರ್ಷಗಳನ್ನು ಬರೆಯದೆ ಮುಂದಿನ ಸಾಲಿಗೆ ಹೋಗಬೇಡ.

ಇನ್ನೊಂದು: ಓರಿಯಂಟಲ್ ಲೈಬ್ರರಿಯನ್ನು ‘ಅಲ್ಲಿ ಕೆಲಕಾಲ ಸೇವೆ ಸಲ್ಲಿಸಿ’ ಎಂದು ಅರ್ಧ ಸಾಲಿನಲ್ಲಿ ದಾಟಿದ್ದೀಯ. ಕಾಲೇಜಿನ ಕೆಲಸ ಸಿಗುವವರೆಗೆ ಕಾದು ಕೂತ ಬಸ್ ನಿಲ್ದಾಣದಂತೆ ಕಾಣುತ್ತದೆ ನಿನ್ನ ಬರಹದಲ್ಲಿ. ಅದು ಅವರ ಗರಡಿಮನೆ. 1891ರಲ್ಲಿ ಶುರುವಾದ ಆ ಭಂಡಾರದಲ್ಲೇ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಸಿಕ್ಕಿದ್ದು, 1909ರಲ್ಲಿ ಅದು ಅಚ್ಚಾದದ್ದು. ಎಂ.ಎ. ತರಗತಿಯಲ್ಲಿ ಕಾವ್ಯ ಓದಬಹುದು. ಓಲೆ ಓದುವುದನ್ನು ಓಲೆಯ ಮುಂದೆ ಕೂತೇ ಕಲಿಯಬೇಕು. ಅಲ್ಲಿಗೆ ಕನಿಷ್ಠ ಎರಡು ಪುಟ ಕೊಡು.

ಆ ಎರಡು ಪುಟಕ್ಕೆ ಬೇಕಾದ ಸಾಮಗ್ರಿ ಇದು. ತಾಳೆಗರಿ ಅಗಲದಲ್ಲಿ ಒಂದೂವರೆ ಎರಡು ಅಂಗುಲ, ಉದ್ದ ಒಂದು ಅಡಿಯ ಮೇಲೆ. ಕಂಟ ಎಂಬ ಮೊನೆಯ ಲೇಖನಿಯಿಂದ ಕೊರೆದ ಅಕ್ಷರಕ್ಕೆ ತನ್ನದೇ ಬಣ್ಣವಿರುವುದಿಲ್ಲ. ಮಸಿ ಸವರಿ ಒರೆಸಿದಾಗ ಗೀರಿನಲ್ಲಿ ಕಪ್ಪು ಕೂತು ಓದಲು ಬರುತ್ತದೆ. ದಾರದ ತೂತಿನ ಸುತ್ತ, ಅಂಚುಗಳಲ್ಲಿ ಗರಿ ಮುರಿದಿರುತ್ತದೆ, ಹುಳು ತಿಂದಿರುತ್ತದೆ. ಪದ್ಯವಿದ್ದರೂ ಸಾಲು ಮುರಿಯುವುದಿಲ್ಲ, ಗದ್ಯದಂತೆ ಒಂದೇ ಸಮನೆ ಹರಿಯುತ್ತದೆ. ಪದ ಪದದ ನಡುವೆ ಜಾಗವಿಲ್ಲ. ಎ–ಏ, ಒ–ಓ ಗುಣಿತಗಳಲ್ಲಿ ದೀರ್ಘದ ಗುರುತು ಎಷ್ಟೋ ಸಲ ಇರುವುದೇ ಇಲ್ಲ. ಪ, ವ, ಮ ಮೂರೂ ಓಲೆ ನಕಲು ಮಾಡುವ ಒಬ್ಬ ಲಿಪಿಕಾರನ ಕೈಯಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಲಿಪಿಕಾರ ಎಲ್ಲಿ ಎಡವುತ್ತಾನೆ ಎಂಬುದಕ್ಕೂ ಕ್ರಮವಿದೆ. ಒಂದೇ ಪದ ಎರಡು ಕಡೆ ಇದ್ದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನ ಸಾಲುಗಳು ಬಿಟ್ಟುಹೋಗುತ್ತವೆ: ಗ್ರಂಥಪಾತ. ಹಿಂದಿನವನು ಅಂಚಿನಲ್ಲಿ ಬರೆದಿಟ್ಟ ಅರ್ಥವನ್ನು ಮುಂದಿನವನು ಪದ್ಯದೊಳಕ್ಕೇ ಸೇರಿಸುತ್ತಾನೆ. ತನಗೆ ತಿಳಿಯದ ಹಳೆಯ ಪದದ ಜಾಗಕ್ಕೆ ತಿಳಿದ ಹೊಸ ಪದವನ್ನು ತಂದಿಡುತ್ತಾನೆ. ಇದು ಕೊನೆಯದಿದೆಯಲ್ಲ, ಬಹಳ ಮೋಸ. ಓದಲು ಸಲೀಸಾಗಿರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಆದ್ದರಿಂದಲೇ ಸಂಪಾದಕರು ಎರಡು ಪಾಠಗಳಲ್ಲಿ ಕಷ್ಟದ್ದರ ಕಡೆ ವಾಲುವುದು. ಸುಲಭದ್ದನ್ನು ಕಷ್ಟ ಮಾಡುವ ಲಿಪಿಕಾರ ಅಪರೂಪ, ಕಷ್ಟದ್ದನ್ನು ಸುಲಭ ಮಾಡುವವರು ಬೇಕಾದಷ್ಟು.

ಬಹುಮತದ ಲೆಕ್ಕವೂ ಇಲ್ಲಿ ನಡೆಯದು. ಒಂದು ಓಲೆಯಿಂದ 5 ಪ್ರತಿ ಎತ್ತಿದ್ದರೆ ಆ ಐದೂ ಸೇರಿ ಒಂದೇ ಮತ. ಬೇರೆ ಬುಡದಿಂದ ಬಂದ ಒಂಟಿ ಪ್ರತಿ ಅದರ ಎದುರು ಸರಿಸಮ ನಿಲ್ಲುತ್ತದೆ. ಯಾವುದು ಯಾವುದರಿಂದ ಬಂತು ಎಂದು ಗೊತ್ತಾಗುವುದು ಸರಿ ಪಾಠಗಳಿಂದ ಅಲ್ಲ, ಹಂಚಿಕೊಂಡ ತಪ್ಪುಗಳಿಂದ. ಒಂದೇ ಬೆಂಚಿನ ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಒಂದೇ ವಿಚಿತ್ರ ತಪ್ಪಿದ್ದರೆ ಮೇಷ್ಟರಿಗೆ ಗೊತ್ತಾಗುವುದಿಲ್ಲವೇ, ಹಾಗೆ. ಇದನ್ನೆಲ್ಲ ಕನ್ನಡದಲ್ಲಿ ಇಡಿಯಾಗಿ ಕಟ್ಟಿ ಕೊಟ್ಟ ಪುಸ್ತಕವೇ ಡಿ.ಎಲ್.ಎನ್. ಅವರ ‘ಕನ್ನಡ ಗ್ರಂಥಸಂಪಾದನೆ’ (1964). ನಿನ್ನ ಬರಹದಲ್ಲಿ ಅದು ಕೃತಿಗಳ ಪಟ್ಟಿಯ ನಡುವೆ ಅಲ್ಪವಿರಾಮಗಳ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ಈಗ ಕೆಲಸಕ್ಕೆ ಬಾ. ಮೊದಲು ಕಂದಪದ್ಯ ಬಿಡಿಸಲು ಕಲಿ. ಅರ್ಧ ದಿನದ ಕೆಲಸ. ಕವಿರಾಜಮಾರ್ಗದ ಈ ಪದ್ಯ ನಿನಗೆ ಶಾಲೆಯಿಂದಲೂ ಬಾಯಿಪಾಠವಿರುತ್ತದೆ:

ಕಾವೇರಿಯಿಂದಮಾ ಗೋ
ದಾವರಿವರಮಿರ್ದ ನಾಡದಾ ಕನ್ನಡದೊಳ್
ಭಾವಿಸಿದ ಜನಪದಂ ವಸು
ಧಾವಳಯವಿಲೀನವಿಶದವಿಷಯವಿಶೇಷಂ

ಲಘುವಿಗೆ 1 ಮಾತ್ರೆ, ಗುರುವಿಗೆ 2. ದೀರ್ಘಾಕ್ಷರ, ಅನುಸ್ವಾರವಿರುವುದು, ಒತ್ತಕ್ಷರದ ಹಿಂದಿನದು, ವ್ಯಂಜನದಲ್ಲಿ ನಿಲ್ಲುವುದು ಇವೆಲ್ಲ ಗುರು. ಕಂದದಲ್ಲಿ ಪ್ರತಿ ಗಣಕ್ಕೆ, ಅಂದರೆ ಅಕ್ಷರಗಳ ಗುಂಪಿಗೆ, 4 ಮಾತ್ರೆ. 1ನೇ, 3ನೇ ಸಾಲಿಗೆ 3 ಗಣ, 2ನೇ, 4ನೇ ಸಾಲಿಗೆ 5 ಗಣ. ಒಟ್ಟು 64 ಮಾತ್ರೆ. ಎರಡೆರಡು ಸಾಲು ಸೇರಿ ಒಂದು ಅರ್ಧ, ಅದರಲ್ಲಿ 8 ಗಣ. ಬೆಸ ಸಂಖ್ಯೆಯ ಗಣಗಳಲ್ಲಿ ಲಘು–ಗುರು–ಲಘು ಬರಬಾರದು, ಅಂದರೆ ಜಗಣ ಕೂಡದು. 6ನೆಯ ಗಣ ಮಾತ್ರ ಜಗಣವಾಗಿರಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಅರ್ಧದ ಕೊನೆ ಗುರು.

ಕಾವೇ, ರಿಯಿಂದ, ಮಾಗೋ. ದಾವರಿ, ವರಮಿರ್, ದ ನಾಡ, ದಾ ಕನ್, ನಡದೊಳ್. ಆರನೆಯದು ‘ದ ನಾಡ’, ಜಗಣ. ಕೆಳಗಿನ ಅರ್ಧ: ಭಾವಿಸಿ, ದ ಜನಪ, ದಂ ವಸು, ಧಾವಳ, ಯವಿಲೀ, ನವಿಶದ, ವಿಷಯವಿ, ಶೇಷಂ. ಇಲ್ಲಿ ಆರನೆಯದು ‘ನವಿಶದ’, ನಾಲ್ಕೂ ಲಘು. ನಿಯಮ ಒಪ್ಪುವ ಎರಡೂ ರೂಪ ಒಂದೇ ಪದ್ಯದಲ್ಲಿ ಸಿಕ್ಕಿತು. ಪ್ರಾಸ ನೋಡು: ಪ್ರತಿ ಸಾಲಿನ ಎರಡನೆಯ ಅಕ್ಷರ ವಕಾರ, ಅದರ ಹಿಂದಿನದು ದೀರ್ಘ. ಆದ್ದರಿಂದ ಗಜಪ್ರಾಸ.

ಈಗ ನೀನೇ ಲಿಪಿಕಾರಳಾಗಿ ಹಾಳು ಮಾಡಿ ನೋಡು. ‘ಕನ್ನಡದೊಳ್’ ಇರುವಲ್ಲಿ ‘ಕನ್ನಡದಲ್ಲಿ’ ಎಂದು ಬರೆ. ಕೊನೆಯ ಗಣ ನ–ಡ–ದಲ್–ಲಿ ಆಗಿ 5 ಮಾತ್ರೆ, ತಕ್ಷಣ ಸಿಕ್ಕಿಬೀಳುತ್ತೀಯ. ಇನ್ನು ‘ಇರ್ದ’ ಇರುವಲ್ಲಿ ‘ಇದ್ದ’ ಬರೆ. ‘ವರಮಿದ್ದ’ ಎಂದರೂ ‘ಮಿ’ ಗುರುವೇ, ಮಾತ್ರೆ ಅಷ್ಟೇ, ಗಣ ಹಾಗೆಯೇ. ಛಂದಸ್ಸಿಗೆ ಗೊತ್ತೇ ಆಗುವುದಿಲ್ಲ. ಛಂದಸ್ಸು ಒಳ್ಳೆಯ ಕಾವಲುಗಾರ, ಆದರೆ ಎಲ್ಲ ಬಾಗಿಲನ್ನೂ ಕಾಯುವುದಿಲ್ಲ. ಉಳಿದ ಬಾಗಿಲಿಗೆ ವ್ಯಾಕರಣ ಬೇಕು, ಶಾಸನ ಬೇಕು, ಅದೇ ಕವಿಯ ಬೇರೆ ಪದ್ಯಗಳು ಬೇಕು. ಈ ಎರಡು ಸಣ್ಣ ಪ್ರಯೋಗ ಮಾಡಿದವರಿಗೆ ‘ಛಂದಸ್ಸಿನಲ್ಲಿ ಅಪಾರ ಪರಿಶ್ರಮ’ ಎಂಬಂಥ ಸಾಲು ಬರೆಯಲು ಕೈ ಬರುವುದಿಲ್ಲ. ಬರೆಯಲು ಅದಕ್ಕಿಂತ ನಿಖರವಾದದ್ದು ಕೈಯಲ್ಲಿರುತ್ತದೆ.

ಆಮೇಲೆ ತಾಳೆ ನೋಡುವುದು. ಪಂಪನ ವಿಕ್ರಮಾರ್ಜುನವಿಜಯವನ್ನು ರೈಸ್ 1898ರಲ್ಲಿ ಅಚ್ಚು ಹಾಕಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಪರಿಷ್ಕರಣ 1931ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಮುಂದಾಳ್ತನದಲ್ಲಿ ಬಂತು. ಎರಡನ್ನೂ ತರಿಸಿಕೊಂಡು ಒಂದೇ ಆಶ್ವಾಸದ (ಅಧ್ಯಾಯದ) 10 ಕಂದಗಳನ್ನು ಆರಿಸು. ಉದ್ದದ ಹಾಳೆಯಲ್ಲಿ ನಾಲ್ಕು ಕಲಂ ಎಳೆ: ಪದ್ಯಸಂಖ್ಯೆ, 1931ರ ಪಾಠ, 1898ರ ಪಾಠ, ನಿನ್ನ ಮಾತು. ಮೂರನೆಯ ಕಲಮಿನಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಬರೆ. ನಾಲ್ಕನೆಯದನ್ನು ಹತ್ತೂ ಪದ್ಯ ಮುಗಿಯುವವರೆಗೆ ಮುಟ್ಟಬೇಡ. ತಾಳೆ ನೋಡುವಾಗಲೇ ತೀರ್ಪು ಕೊಡಲು ಹೋದರೆ ಮುಂದಿನ ಪದ್ಯದಲ್ಲಿ ಕಣ್ಣು ತನಗೆ ಬೇಕಾದದ್ದನ್ನೇ ಹುಡುಕುತ್ತದೆ.

ಒಬ್ಬಳೇ ಕೂತರೆ ಎರಡು ಪುಸ್ತಕದ ನಡುವೆ ಕಣ್ಣು ಓಡಾಡಿ ಸುಸ್ತಾಗಿ, ಗೊತ್ತಿರುವ ಪದವನ್ನು ಓದದೆ ಊಹಿಸಿಬಿಡುತ್ತದೆ. ಜೊತೆಗೆ ಒಬ್ಬರನ್ನು ಕೂರಿಸಿಕೊ. ಒಬ್ಬರು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೇರೆ ಪ್ರತಿಯಲ್ಲಿ ಬೆರಳಿಟ್ಟು ನೋಡಬೇಕು. ಆದರೆ ಕಿವಿಗೂ ಒಂದು ಕುರುಡಿದೆ: ೞ ಮತ್ತು ಳ, ಱ ಮತ್ತು ರ ಇವು ಇಂದಿನ ನಾಲಗೆಯಲ್ಲಿ ಒಂದೇ ಆಗಿವೆ. ಆದ್ದರಿಂದ ಓದುವವರು ೞಕ್ಕೆ ‘ರಳ’, ಳಕ್ಕೆ ‘ಕುಳ’, ಱಕ್ಕೆ ‘ಶಕಟರೇಫ’ ಎಂದು ಹೆಸರಿಟ್ಟೇ ಹೇಳಬೇಕು. ಮೊದಲ ದಿನ 2 ಪದ್ಯ ಮುಗಿದರೆ ಹೆಚ್ಚು. ಹತ್ತನೆಯದಕ್ಕೆ ಬರುವಾಗ ಕೈ ಪಳಗಿರುತ್ತದೆ.

ಈ ೞ, ಱ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಿನ್ನ ಬರಹದಲ್ಲಿ ಉದ್ಧರಿಸಿದ ಪದ್ಯಗಳಲ್ಲಿ ಅವು ಒಂದೂ ಇಲ್ಲ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಏರ್ ಎಂದರೆ ನೇಗಿಲು, ಏಱ್ ಎಂದರೆ ಮೇಲಕ್ಕೆ ಹತ್ತು. ಹಳೆಯ ಕವಿಗಳು ಪ್ರಾಸಸ್ಥಾನದಲ್ಲಿ ಇವನ್ನು ಬೆರೆಸುತ್ತಿರಲಿಲ್ಲ. ಪ್ರತಿಯಲ್ಲಿ ನಾಲ್ಕು ಸಾಲಿನಲ್ಲೂ ಳ ಎಂದಿದ್ದು, ಅವುಗಳಲ್ಲಿ ಒಂದು ಪದ ಖಚಿತವಾಗಿ ೞಕಾರದ್ದೆಂದು ಗೊತ್ತಿದ್ದರೆ ಉಳಿದ ಮೂರೂ ೞವೇ ಇರಬೇಕೆಂದು ಸಂಪಾದಕ ಬರೆಯಬಲ್ಲ. ಲಿಪಿಕಾರ ಕಳೆದದ್ದನ್ನು ಪ್ರಾಸ ವಾಪಸು ತಂದುಕೊಡುತ್ತದೆ. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆಯುವಾಗ ೞ ಬರುವ ಪದಗಳನ್ನು ಪಟ್ಟಿಯನ್ನೇ ಮಾಡಿ ಕೊಟ್ಟಿದ್ದಾನೆ. ಎಲ್ಲರಿಗೂ ಗೊತ್ತಿರುವುದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ. ಆಗಲೇ ಜನ ಮರೆಯತೊಡಗಿದ್ದರು. ಡಿ.ಎಲ್.ಎನ್. 1959ರಲ್ಲಿ ಸಂಪಾದಿಸಿದ್ದು ಈ ಗ್ರಂಥವನ್ನೇ. ಕಿಟ್ಟೆಲ್ 1872ರಲ್ಲೇ ಅದನ್ನು ಅಚ್ಚು ಹಾಕಿಸಿದ್ದರಲ್ಲ, ಮತ್ತೆ ಏಕೆ ಬೇಕಾಯಿತು ಎಂಬುದು ನಿನ್ನ ಓದುಗ ಕೇಳಬೇಕಾದ ಪ್ರಶ್ನೆ. ಉತ್ತರ ಎರಡೂ ಪುಸ್ತಕಗಳ ಪ್ರಸ್ತಾವನೆಗಳಲ್ಲಿ, ಪ್ರತಿಗಳ ವಿವರದಲ್ಲಿ ಇರುತ್ತದೆ. ಓದಿ, ನಿನ್ನ ಮಾತಿನಲ್ಲಿ ಒಂದು ಪ್ಯಾರಾ ಬರೆ.

ಟೈಪ್ ಮಾಡುವಾಗ ಎಚ್ಚರ: ಎಷ್ಟೋ ಫೋನ್ ಕೀಲಿಮಣೆಗಳಲ್ಲಿ ೞ ಸಿಗುವುದಿಲ್ಲ, ಹುಡುಕಿ ಹಾಕಬೇಕು. (ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಯಾರೋ ‘ಫ’ ಎಂದು ತಪ್ಪು ಹೆಸರಿಟ್ಟರು, ಒಮ್ಮೆ ಇಟ್ಟ ಹೆಸರು ಬದಲಾಗದೆಂಬ ನಿಯಮದಿಂದ ಅದು ಹಾಗೇ ಉಳಿದಿದೆ. ಲಿಪಿಕಾರನ ಸ್ಖಾಲಿತ್ಯ ಎಂಬುದು ಓಲೆಗರಿಗೇ ಮುಗಿಯಲಿಲ್ಲ ನೋಡು.) ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರದಿಂದ ಓದಿಸಿ ಅಂಟಿಸಬೇಡ. ಹಳಗನ್ನಡ ಉದ್ಧರಣೆಯನ್ನು ಪುಸ್ತಕ ನೋಡಿ ಕೈಯಾರೆ ಹೊಡೆ, ಗಣ ಹಾಕಿ ಪರೀಕ್ಷಿಸು.

ವಡ್ಡಾರಾಧನೆಗೆ ಬೇರೆ ಅಧ್ಯಾಯ ಬೇಕು. 1949ರ ಆ ಸಂಪಾದನೆ ಏಕೆ ದೊಡ್ಡದು ಎಂದರೆ ಅದು ಗದ್ಯ. 19 ಕಥೆಗಳು. ಗಣವಿಲ್ಲ, ಪ್ರಾಸವಿಲ್ಲ, ಮೇಲೆ ಹೇಳಿದ ಕಾವಲುಗಾರರಲ್ಲಿ ಇಬ್ಬರು ರಜೆಯ ಮೇಲೆ. ಲಿಪಿಕಾರ ಒಂದು ಪದ ಸೇರಿಸಿದರೂ ಬಿಟ್ಟರೂ ವಾಕ್ಯ ನಡೆದುಹೋಗುತ್ತದೆ. ಸಂಪಾದಕನಿಗೆ ಉಳಿಯುವುದು ವ್ಯಾಕರಣದ ಒರೆ, ಮತ್ತೆ ಅದೇ ಕಥೆಗಳು ಬೇರೆ ಭಾಷೆಯಲ್ಲಿ ಹೇಗಿವೆ ಎಂಬ ಹೋಲಿಕೆ. ಹರಿಷೇಣ 931ರಲ್ಲಿ ಬರೆದ ಸಂಸ್ಕೃತ ಬೃಹತ್ಕಥಾಕೋಶವನ್ನು ಆ.ನೇ. ಉಪಾಧ್ಯೆ 1943ರಲ್ಲಿ ಸಂಪಾದಿಸಿ ಕೊಟ್ಟಿದ್ದರು. ಎರಡರ ಬೇರೂ ಪ್ರಾಕೃತದ ಭಗವತೀ ಆರಾಧನೆಯಲ್ಲಿದೆ. ಒಂದು ಕಥೆಯನ್ನು ಎರಡೂ ಕಡೆ ಓದು. ಸಂಸ್ಕೃತ ಬಾರದಿದ್ದರೆ ಬಲ್ಲವರ ಪಕ್ಕ ಕೂತು ಓದಿಸಿಕೊ. ಕೃತಿಯ ಹೆಸರು, ಕರ್ತೃ, ಕಾಲ ಮೂರರ ಮೇಲೂ ವಿದ್ವಾಂಸರು ಜಗಳವಾಡಿದ್ದಾರೆ. ನೀನು ‘ಶಿವಕೋಟ್ಯಾಚಾರ್ಯನ ವಡ್ಡಾರಾಧನೆ’ ಎಂದು ನಿರಾಳವಾಗಿ ಬರೆದು ಮುಂದೆ ಹೋಗಿದ್ದೀಯ. ಜಗಳವನ್ನು ಮುಚ್ಚಬೇಡ, ಹಾಗೆಂದು ತೀರ್ಪುಗಾರಳೂ ಆಗಬೇಡ. ಒಂದೊಂದು ಪಕ್ಷವನ್ನು ಆ ಪಕ್ಷದವರು ಓದಿದರೆ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವ ಹಾಗೆ ಮೂರು ನಾಲ್ಕು ವಾಕ್ಯದಲ್ಲಿ ಹೇಳು. ಡಿ.ಎಲ್.ಎನ್. ಯಾವ ಆಧಾರದ ಮೇಲೆ ಎಷ್ಟು ದೂರ ಹೋದರು, ಎಲ್ಲಿ ನಿಂತರು ಎಂಬುದನ್ನು ಅವರ ಪೀಠಿಕೆಯಿಂದಲೇ ತೆಗೆ.

ಕಾಲನಿರ್ಣಯದ ಕೆಲಸವನ್ನೂ ಓದುಗನಿಗೆ ಕೈಹಿಡಿದು ತೋರಿಸಬಹುದು. ಪಂಪ ಹುಟ್ಟಿದ್ದು 902 ಎಂದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ, ಆದರೆ ಪಂಪ ಎಲ್ಲೂ ಆ ಸಂಖ್ಯೆ ಬರೆದಿಲ್ಲ. ತಾನು ಹುಟ್ಟಿದ್ದು ದುಂದುಭಿ ಸಂವತ್ಸರ ಎಂದಿದ್ದಾನೆ, ಆದಿಪುರಾಣ ಮುಗಿದದ್ದು ಶಕ 863, ಪ್ಲವ ಸಂವತ್ಸರ ಎಂದಿದ್ದಾನೆ. 863ಕ್ಕೆ 78 ಕೂಡಿದರೆ 941. ಸಂವತ್ಸರ ತಾಳೆಯಾಗುತ್ತದೆಯೇ? 2021ರ ಯುಗಾದಿಗೆ ಬಂದದ್ದು ಪ್ಲವ. 2021ರಿಂದ 941 ಕಳೆದರೆ 1080, ಅಂದರೆ 60ರ 18 ಸುತ್ತು. ಸರಿಹೋಯಿತು. ಪ್ಲವ 35ನೆಯದು, ದುಂದುಭಿ 56ನೆಯದು. 941ಕ್ಕೆ ಹಿಂದಿನ ಹತ್ತಿರದ ದುಂದುಭಿ 39 ವರ್ಷ ಹಿಂದೆ, 902ರಲ್ಲಿ. ಅದಕ್ಕೂ ಹಿಂದಿನದು 842. ಹಾಗಾದರೆ ಕವಿಗೆ 99 ವರ್ಷವಾಗಬೇಕಿತ್ತು. ಇಷ್ಟನ್ನು ಆರು ಸಾಲಿನಲ್ಲಿ ಬರೆದರೆ ‘ಸಂಶೋಧಕ’ ಎಂಬ ಪದಕ್ಕೆ ಮೈ ಬರುತ್ತದೆ. 78 ಕೂಡುವುದು ಎಲ್ಲ ತಿಂಗಳಿಗೂ ನಡೆಯುವುದಿಲ್ಲ ಎಂಬುದನ್ನು ಮಾತ್ರ ನೆನಪಿಡು. ಪುಷ್ಯದ ಕೊನೆ, ಮಾಘ, ಫಾಲ್ಗುಣದ ತಿಥಿಗಳು ಮುಂದಿನ ಇಸವಿಗೆ ಬೀಳುತ್ತವೆ, 79 ಕೂಡಬೇಕು. ಶಾಸನದ ಇಸವಿಯಲ್ಲಿ ಒಂದು ವರ್ಷದ ವ್ಯತ್ಯಾಸ ಕಂಡರೆ ಮೊದಲು ತಿಂಗಳು ನೋಡು.

ಹಾಗೆಯೇ, ಹಿಂದಿನವರಿಗೆ ಗೊತ್ತಿಲ್ಲದ್ದನ್ನು ಅವರ ತಪ್ಪೆಂದು ಬರೆಯಬೇಡ. ತೆಲಂಗಾಣದ ಕುರ್ಕ್ಯಾಲದ ಬಳಿಯ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನವಿದೆ. ತಾಯಿ ಅಬ್ಬಣಬ್ಬೆಯ ಹೆಸರು ನಮಗೆ ಸಿಕ್ಕಿದ್ದು ಅಲ್ಲಿಂದ. ಅದು ವಿದ್ವಾಂಸರ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಅದಕ್ಕೂ ಮುಂಚೆ ಪಂಪನ ಬಗ್ಗೆ ಬರೆದವರ ಪುಸ್ತಕದಲ್ಲಿ ತಾಯಿಯ ಹೆಸರಿಲ್ಲ ಎಂದು ಹುಬ್ಬು ಏರಿಸುವ ಲೇಖನಗಳನ್ನು ಓದಿದರೆ ಸಿಟ್ಟು ಬರುತ್ತದೆ. ಒಬ್ಬ ವಿದ್ವಾಂಸನ ಮಾತನ್ನು ತೂಗುವ ಮೊದಲು ಆ ಹೊತ್ತಿಗೆ ಅವನ ಮೇಜಿನ ಮೇಲೆ ಏನೇನಿತ್ತು ಎಂದು ಪಟ್ಟಿ ಮಾಡು.

ಪುಸ್ತಕ ಓದುವ ಕ್ರಮ ಹೇಳಬೇಕಲ್ಲ. ಸಂಪಾದಿತ ಗ್ರಂಥವನ್ನು ಹಿಂದಿನಿಂದ ಓದು. ಮೊದಲು ತಪ್ಪೊಪ್ಪಿನ ಪಟ್ಟಿ: ಅಚ್ಚಾದ ಮೇಲೂ ಸಂಪಾದಕನನ್ನು ಏನು ಕಾಡಿತು ಎಂದು ತಿಳಿಯುತ್ತದೆ. ಆಮೇಲೆ ಅನುಬಂಧ, ಶಬ್ದಕೋಶ. ಆಮೇಲೆ ಪ್ರತಿಗಳ ವಿವರ: ಕ, ಖ, ಗ ಎಂದರೆ ಯಾವ ಊರಿನ, ಯಾರ ಭಂಡಾರದ ಪ್ರತಿ, ಎಷ್ಟು ಗರಿ, ಎಲ್ಲಿ ಮುರಿದಿದೆ. ಪ್ರಸ್ತಾವನೆ ಕೊನೆಗೆ. ಎರಡನೆಯ ಮುದ್ರಣವಿದ್ದರೆ ಮೊದಲನೆಯದರ ಪಕ್ಕ ಇಟ್ಟುಕೊ. ಪಾಠ ಬದಲಾಗಿದ್ದರೆ ಆ ನಡುವಿನ ವರ್ಷಗಳಲ್ಲಿ ಅವರು ಮನಸ್ಸು ಬದಲಿಸಿದ್ದಾರೆ. ವಿದ್ವಾಂಸನ ಆತ್ಮಕಥೆಗೆ ಇದಕ್ಕಿಂತ ಹತ್ತಿರದ ದಾಖಲೆ ಸಿಗುವುದಿಲ್ಲ. ಮರುಮುದ್ರಣದ ವರ್ಷವನ್ನೇ ಮೊದಲ ಮುದ್ರಣದ್ದೆಂದು ಬರೆಯುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು, ನಿನ್ನಲ್ಲೂ ಎರಡು ಕಡೆ ಇದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ‘ಪೀಠಿಕೆಗಳು ಲೇಖನಗಳು’ ಎಂಬ ಅವರ ಸಂಕಲನ ಕೈಗೆ ಸಿಕ್ಕರೆ ಬಿಡಬೇಡ. ಪ್ರಬುದ್ಧ ಕರ್ಣಾಟಕ, ಪರಿಷತ್ಪತ್ರಿಕೆಗಳ ಹಳೆಯ ಸಂಪುಟಗಳಲ್ಲಿ ಅವರ ಲೇಖನದ ಜೊತೆಗೆ ಮುಂದಿನ ಸಂಚಿಕೆಯನ್ನೂ ತಿರುವಿ ನೋಡು. ಉತ್ತರ, ಆಕ್ಷೇಪ ಅಲ್ಲಿರುತ್ತದೆ.

ವೃತ್ತಿಯ ಭಾಗಕ್ಕೆ ವಿಶ್ವವಿದ್ಯಾನಿಲಯದ ಕ್ಯಾಲೆಂಡರು, ವಾರ್ಷಿಕ ವರದಿ, ಹಳೆಯ ಪ್ರಶ್ನೆಪತ್ರಿಕೆ ಹುಡುಕು. ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾದದ್ದೇ 1927ರಲ್ಲಿ, ಅವರ ಪೀಳಿಗೆ ಓದಿದ ವಿಷಯಕ್ಕೆ ಎಷ್ಟೋ ಪಠ್ಯಗಳು ಅಚ್ಚಾಗಿರಲಿಲ್ಲ, ಅವನ್ನು ಅವರೇ ಸಂಪಾದಿಸಿ ಅಚ್ಚು ಹಾಕಿಸಿ ಪಾಠ ಮಾಡಬೇಕಾಯಿತು. ಪಿಎಚ್.ಡಿ. ಪ್ರಬಂಧದಿಂದ ಏಣಿ ಹತ್ತುವ ಇಂದಿನ ಕ್ರಮವನ್ನು ಆ ಕಾಲದ ಮೇಲೆ ಹೊರಿಸಬೇಡ. ಅವರಿಗೆ ಸಿಕ್ಕ ಡಿ.ಲಿಟ್. ಗೌರವ ಪದವಿ.

ಶಿಷ್ಯರನ್ನು ಮಾತನಾಡಿಸುತ್ತೇನೆ ಎಂದಿದ್ದೀಯ. ಬೇಗ ಮಾಡು, ಅವರ ತರಗತಿಯಲ್ಲಿ ಕೂತವರು ಈಗ 80ರ ಆಚೆಯವರು. ‘ಮೇಷ್ಟರು ಹೇಗಿದ್ದರು’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಪಠ್ಯಪುಸ್ತಕ ಕೈಯಲ್ಲಿ ಹಿಡಿದು ಹೋಗಿ ತೆರೆದಿಡು: ಈ ಪುಟ ಎಷ್ಟು ದಿನ ನಡೆಯಿತು, ಯಾವ ಪದಕ್ಕೆ ನಿಂತರು, ಕರಿಹಲಗೆಯ ಮೇಲೆ ಏನು ಬರೆದರು, ಗೊತ್ತಿಲ್ಲ ಎಂದು ಯಾವಾಗಲಾದರೂ ಹೇಳಿದರೇ? ಹಳೆಯ ಟಿಪ್ಪಣಿ ಪುಸ್ತಕ ಇಟ್ಟುಕೊಂಡಿದ್ದಾರೆಯೇ ಎಂದು ಹೊರಡುವಾಗ ಕೇಳು, ಬಂದ ತಕ್ಷಣ ಕೇಳಬೇಡ. ತಮಾಷೆಯ ಪ್ರಸಂಗಗಳನ್ನು ಅನುಮಾನಿಸು. ಒಂದೇ ಹಾಸ್ಯದ ಮಾತು ಮೂರು ಮೂರು ಪ್ರಾಧ್ಯಾಪಕರ ಬಾಯಿಗೆ ಅಂಟಿಕೊಂಡು ಓಡಾಡುತ್ತಿರುತ್ತದೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಹೇಳಿದರೆ ಹಾಕು, ಇಲ್ಲವೇ ಬಿಡು. ಪಕ್ಕದ ಪಾತ್ರವಾಗಿ ಇನ್ನೊಬ್ಬ ಕನ್ನಡ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರನ್ನು ತರಬಹುದು, ಇಬ್ಬರೂ 1906ರಲ್ಲೇ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲೇ ಹುಟ್ಟಿದವರು. ಆದರೆ ಜೋಡಿ ಚಿತ್ರದ ಆಸೆಗೆ ಬಿದ್ದರೆ ಮುಖ್ಯ ವಿಷಯ ಕೈಬಿಡುತ್ತದೆ.

ಕೊನೆಗೆ ಅಳತೆ. ನಿನಗೆ ಸಿಕ್ಕ ಜಾಗ 3,000 ಪದ ಎಂದಿದ್ದೀಯ. ಹುಟ್ಟು, ಮನೆ, ಓದು 300 ಮೀರದಿರಲಿ. ಪ್ರಶಸ್ತಿ, ಗೌರವ, ಅಧ್ಯಕ್ಷತೆ 150. ಲೈಬ್ರರಿ ಮತ್ತು ಓಲೆ 700. ವಡ್ಡಾರಾಧನೆ ಒಂದಕ್ಕೇ 800 ಕೊಟ್ಟರೂ ನನ್ನ ತಕರಾರಿಲ್ಲ. ಎಂಟು ಸಂಪುಟಗಳ ಕನ್ನಡ ನಿಘಂಟಿನ ಕೆಲಸದಲ್ಲಿ ಅವರ ಪಾಲನ್ನು ಒಂದು ಪದವನ್ನು ಹಿಡಿದು ತೋರಿಸು, ಸಮಿತಿಯ ಸದಸ್ಯರ ಹೆಸರುಗಳ ಮೂಲಕ ಬೇಡ. ಉಳಿದದ್ದು ಪಾಠಾಂತರಕ್ಕೆ, ಒಂದೇ ಒಂದು ಪದ್ಯಕ್ಕೆ, ಒಂದೇ ಅಕ್ಷರಕ್ಕಾದರೂ ಸರಿ. ‘ಇಷ್ಟು ದೊಡ್ಡ ವಿದ್ವಾಂಸರ ಪುಸ್ತಕಗಳ ಪಟ್ಟಿ ಇಷ್ಟು ಚಿಕ್ಕದೇ’ ಎಂದು ಕೇಳಿದ್ದೀಯಲ್ಲ, ಲೆಕ್ಕ ಹಾಕು: 1,000 ಪದ್ಯದ ಕಾವ್ಯ, ದಿನಕ್ಕೆ 5 ಪದ್ಯ ತಾಳೆ ನೋಡಿದರೆ ಒಂದು ಪ್ರತಿಗೆ 200 ದಿನ, 4 ಪ್ರತಿಗೆ 800. ಅಲ್ಲಿಗೆ ವ್ಯತ್ಯಾಸಗಳ ಪಟ್ಟಿ ಮಾತ್ರ ಕೈಗೆ ಬಂತು. ಯಾವುದು ಸರಿ ಎಂಬ ಯೋಚನೆ ಇನ್ನೂ ಶುರುವಾಗಿಲ್ಲ. ದಿನದಲ್ಲಿ ಪಾಠವಿದೆ, ಉತ್ತರಪತ್ರಿಕೆಯಿದೆ, ಮನೆಗೆ ಬರುವ ಹುಡುಗರಿದ್ದಾರೆ.

ಪೂರ್ತಿ ಬರಹವನ್ನು ಮತ್ತೆ ಕಳಿಸಲು ಅವಸರ ಮಾಡಬೇಡ. ಆ ಹತ್ತು ಪದ್ಯದ ಹಾಳೆಯನ್ನು ಮೊದಲು ಕಳಿಸು, ನಾಲ್ಕನೆಯ ಕಲಂ ಖಾಲಿ ಇದ್ದರೂ ಚಿಂತೆಯಿಲ್ಲ. ಚಿತ್ತು ಮಾಡಿದ್ದನ್ನು ಶುದ್ಧಪ್ರತಿ ಮಾಡಲು ಹೋಗಬೇಡ, ಚಿತ್ತು ಇರುವ ಹಾಳೆಯೇ ಬೇಕು.

ನಿನ್ನ,
ಅಣ್ಣ